ಸಂತೆಯ ಹೆಂಗಸರು ಡಿ.ಸಿ. ಮೇಜಿನ ತನಕ ನಡೆದ ದಾರಿ

ಹಾಲು ತರೋಣ ಅಂತ ಮಾರುಕಟ್ಟೆಗೆ ಹೋಗುತ್ತೀರಿ. ಹಾಲಿನ ಕ್ಯಾನು ಮುಂದಿಟ್ಟುಕೊಂಡು ಕೂತ ಹೆಂಗಸು ನಿಮ್ಮ ಮುಖ ನೋಡಿ ಬೇರೆ ಕಡೆ ತಿರುಗುತ್ತಾಳೆ. ಪಕ್ಕದವಳೂ ಹಾಗೇ. ನಿಮ್ಮ ಕುಲ ಯಾವುದು ಅಂತ ಯಾರೂ ಕೇಳುವುದಿಲ್ಲ. ಕೇಳುವ ಅಗತ್ಯವೇ ಇಲ್ಲ, ಊರಲ್ಲಿ ಎಲ್ಲರಿಗೂ ಎಲ್ಲರ ಕುಲ ಗೊತ್ತು. ನೀವು ಬರಿಗೈಲಿ ಮನೆಗೆ ಬರುತ್ತೀರಿ, ಮನೆಯಲ್ಲಿ ಮಗು ಅಳುತ್ತಿದೆ.

ಕೀನ್ಯಾದ ಈಶಾನ್ಯ ಮೂಲೆಯ ವಾಜಿರ್ ಎಂಬ ಊರು 1990ರ ದಶಕದ ಶುರುವಿನಲ್ಲಿ ಹೀಗಿತ್ತು. ಆ ಮಾರುಕಟ್ಟೆಯನ್ನು ಸರಿ ಮಾಡೋಣ ಅಂತ ಹತ್ತು–ಹನ್ನೆರಡು ಹೆಂಗಸರು ಹೊರಟರು. ಅವರು ಕಟ್ಟಿದ ವ್ಯವಸ್ಥೆ ಎರಡು ವರ್ಷದಲ್ಲಿ ಜಿಲ್ಲಾಡಳಿತದ ಭಾಗವಾಯಿತು. ಇಪ್ಪತ್ತು ವರ್ಷದಲ್ಲಿ ಇಡೀ ದೇಶದ ಶಾಂತಿ ನೀತಿಯ ಒಳಗೆ ಬಂದು ಕೂತಿತು. ಅಧಿಕಾರ, ದುಡ್ಡು, ಪಕ್ಷ ಯಾವುದೂ ಇಲ್ಲದ ಊರಿನ ಜನ ಸರ್ಕಾರದ ನೀತಿಯನ್ನು ಬದಲಿಸುವುದು ನಿಜವಾಗಿ ಹೇಗೆ ಅಂತ ತಿಳಿಯಬೇಕಾದರೆ ನನಗೆ ಮೊದಲು ನೆನಪಾಗುವುದು ಇದೇ ಕತೆ.

ವಾಜಿರ್ ಜಿಲ್ಲೆಗೆ ಸೊಮಾಲಿಯಾ, ಇಥಿಯೋಪಿಯಾ ಎರಡರ ಗಡಿಯೂ ತಾಗುತ್ತದೆ. ಮಳೆ ಕಡಿಮೆ. ಒಂಟೆ, ದನ, ಆಡು–ಕುರಿಯೇ ಜೀವನ. ಜನ ಹೆಚ್ಚಿನಂಶ ಸೊಮಾಲಿಗಳು, ಮುಸ್ಲಿಮರು. ಅವರಲ್ಲಿ ಅಜುರಾನ್, ದೆಗೋದಿಯಾ, ಒಗಾಡೆನ್ ಮುಖ್ಯ ಕುಲಗಳು. ನೀರಿಗೆ, ಹುಲ್ಲಿಗೆ ಜಗಳ ಮೊದಲಿಂದಲೂ ಇತ್ತು. ಅದನ್ನು ಹಿರಿಯರು ಮರದ ನೆರಳಲ್ಲಿ ಕೂತು ಬಗೆಹರಿಸುತ್ತಿದ್ದರು. ಆದರೆ 1991–92ರ ಬರಗಾಲದಲ್ಲಿ ದನಕರು ಸತ್ತವು. ಅದೇ ಹೊತ್ತಿಗೆ ಸೊಮಾಲಿಯಾ ಸರ್ಕಾರ ಕುಸಿದುಬಿತ್ತು. ಗಡಿ ದಾಟಿ ಬಂದೂಕು ಬಂತು, ನಿರಾಶ್ರಿತರು ಬಂದರು. 1992ರ ಚುನಾವಣೆ ಉರಿಯುವ ಬೆಂಕಿಗೆ ತುಪ್ಪ ಸುರಿಯಿತು. ಯಾವ ಕುಲದವನು ಪಾರ್ಲಿಮೆಂಟಿಗೆ ಹೋಗುತ್ತಾನೆ ಅನ್ನುವುದು ಯಾವ ಕುಲಕ್ಕೆ ಯಾವ ನೆಲ ಅನ್ನುವ ಪ್ರಶ್ನೆಯಾಯಿತು. ಕೋಲಿನ ಜಗಳ ಬಂದೂಕಿನ ಜಗಳವಾದಾಗ ಮರದ ನೆರಳಿನ ರಾಜಿ ನಡೆಯಲಿಲ್ಲ.

ಹಾಗಾದರೆ ಸರ್ಕಾರ? ಇಲ್ಲೊಂದು ವಿಷಯ ತಿಳಿದಿರಬೇಕು. ಕೀನ್ಯಾ ಸ್ವತಂತ್ರವಾದ 1963ರಿಂದ 1990ರ ದಶಕದ ಶುರುವಿನ ತನಕ ಈ ಪ್ರದೇಶದಲ್ಲಿ ತುರ್ತುಪರಿಸ್ಥಿತಿಯ ಕಾನೂನು ಇತ್ತು. 1984ರ ಫೆಬ್ರವರಿಯಲ್ಲಿ ಭದ್ರತಾ ಪಡೆಗಳು ದೆಗೋದಿಯಾ ಗಂಡಸರನ್ನು ಒಟ್ಟುಗೂಡಿಸಿ ವಾಜಿರ್ ಹತ್ತಿರದ ವಗಾಲ್ಲಾ ಎಂಬ, ವಿಮಾನ ಇಳಿಯುವ ಜಾಗಕ್ಕೆ ಒಯ್ದವು. ಅಲ್ಲಿ ನಡೆದದ್ದು ಸಾಮೂಹಿಕ ಹತ್ಯೆ. ಸತ್ತವರು 57 ಜನ ಅಂತ ಸರ್ಕಾರ ಹೇಳಿತು. ಬಹಳ ವರ್ಷಗಳ ಮೇಲೆ ಸತ್ಯಶೋಧನಾ ಆಯೋಗ ಆ ಸಂಖ್ಯೆ ಸಾವಿರದ ಹತ್ತಿರ ಇರಬಹುದು ಅಂದಿತು. ಸಮವಸ್ತ್ರ ಕಂಡರೆ ಜನ ಓಡಿಹೋಗುವ ಊರದು. ಅಂಥ ಕಡೆ "ಪೊಲೀಸರಿಗೆ ತಿಳಿಸಿ" ಅನ್ನುವುದು ಸುಮ್ನೆ ಮಾತು.

ಆ ಊರಲ್ಲಿ ದೇಕಾ ಇಬ್ರಾಹಿಂ ಅಬ್ದಿ ಅಂತ ಒಬ್ಬ ಶಿಕ್ಷಕಿ ಇದ್ದರು. ಒಂದು ರಾತ್ರಿ ಮನೆ ಹತ್ತಿರ ಗುಂಡಿನ ಸದ್ದು. ಮಗಳನ್ನು ಎತ್ತಿಕೊಂಡು ಮಂಚದ ಕೆಳಗೆ ನುಗ್ಗಿದರು. ಗಂಟೆಗಟ್ಟಲೆ ಅಲ್ಲೇ ಅಡಗಿದ್ದರು. ಬೆಳಗ್ಗೆ ಇದನ್ನು ಕೇಳಿದ ಅವರ ತಾಯಿಗೆ ತಮ್ಮದೇ ಹಳೆಯ ರಾತ್ರಿ ನೆನಪಾಯಿತು. ದೇಕಾ ಮಗುವಾಗಿದ್ದಾಗ ಆ ತಾಯಿಯೂ ಹೀಗೇ ಮಗಳನ್ನು ಎದೆಗವಚಿಕೊಂಡು ಮಂಚದ ಕೆಳಗೆ ಅಡಗಿದ್ದರಂತೆ. ಮಂಚದ ಕೆಳಗೆ ಮೂರನೇ ತಲೆಮಾರು. ದೇಕಾ ಈ ಸಂಗತಿಯನ್ನು ಮುಂದೆ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ.

ಆಮೇಲೆ ಒಂದು ಮದುವೆಮನೆಯಲ್ಲಿ ಬೇರೆ ಬೇರೆ ಕುಲದ ಹೆಂಗಸರು ಸೇರಿದರು. ಹೊರಗೆ ಹೊಡೆದಾಟ ನಡೆದಿದ್ದರೂ ಒಳಗೆ ಒಟ್ಟಿಗೆ ಊಟ ಆಗುತ್ತಿತ್ತು. ಇಲ್ಲಿ ಆಗುವುದು ಮಾರುಕಟ್ಟೆಯಲ್ಲಿ ಯಾಕೆ ಆಗಬಾರದು? ಮಾತು ಶುರುವಾದದ್ದು ಅಲ್ಲಿಂದ. ಅವರು ಹಿಡಿದ ಕೆಲಸ ಬಹಳ ಚಿಕ್ಕದು. ಯಾವ ಕುಲದ ಹೆಂಗಸೇ ಬರಲಿ, ಈ ಮಾರುಕಟ್ಟೆಯಲ್ಲಿ ಕೊಳ್ಳಬಹುದು, ಮಾರಬಹುದು. ಇದಿಷ್ಟೇ ನಿಯಮ. ನಿಯಮ ನಡೆಯುತ್ತಿದೆಯಾ ಅಂತ ನೋಡಿಕೊಳ್ಳಲು ತಮ್ಮೊಳಗಿಂದಲೇ ಕೆಲವರನ್ನು ನಿಲ್ಲಿಸಿದರು. ಎಲ್ಲಿಯಾದರೂ ಮಾತು ಏರಿದರೆ ಆ ಹೆಂಗಸರು ಕೂಡಲೇ ಅಲ್ಲಿಗೆ ಹೋಗಿ ಬಗೆಹರಿಸುತ್ತಿದ್ದರು.

ಈ ಚಿಕ್ಕತನದಲ್ಲೇ ದೊಡ್ಡ ಜಾಣತನ ಇತ್ತು ಅಂತ ನನಗನ್ನಿಸುತ್ತದೆ. "ಯುದ್ಧ ನಿಲ್ಲಿಸಿ" ಅಂತ ಹೊರಟಿದ್ದರೆ ನಿಲ್ಲಿಸುವ ಶಕ್ತಿ ಅವರಿಗಿರಲಿಲ್ಲ. ಮಾರುಕಟ್ಟೆ ಅವರದೇ ಜಾಗ. ಅಲ್ಲಿ ಅವರ ಮಾತು ನಡೆಯುತ್ತಿತ್ತು. ವಾರ, ಎರಡು ವಾರದಲ್ಲಿ ಫಲ ಕಣ್ಣಿಗೆ ಕಾಣುವ ಕೆಲಸ. ಸರ್ಕಾರದ ಮುಂದೆ ಹೋಗುವ ಮೊದಲೇ ಅವರ ಕೈಯಲ್ಲಿ ನಡೆದು ತೋರಿಸಿದ ಒಂದು ಸಂಗತಿ ಇತ್ತು. ಮನವಿ ಪತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಮನವಿ ಪತ್ರ "ನೀವು ಮಾಡಿ" ಅನ್ನುತ್ತದೆ. ಇವರು ಹೋದಾಗ "ನಾವು ಮಾಡುತ್ತಿದ್ದೇವೆ, ಬಂದು ನೋಡಿ" ಅನ್ನಬಹುದಿತ್ತು.

ಆದರೆ ಬಂದೂಕು ಮಾರುಕಟ್ಟೆಯಲ್ಲಿರಲಿಲ್ಲ. ಅದು ಹುಡುಗರ ಕೈಲಿತ್ತು, ಹುಡುಗರು ಹಿರಿಯರ ಹಿಡಿತದಲ್ಲಿದ್ದರು. ಹಿರಿಯರ ಸಭೆಯಲ್ಲಿ ಹೆಂಗಸರಿಗೆ ಜಾಗವಿಲ್ಲ. ಆಗ ಅವರು ಎಲ್ಲಕ್ಕಿಂತ ಚಿಕ್ಕ ಕುಲದ ಹಿರಿಯರೊಬ್ಬರ ಬಳಿ ಹೋದರು. ಆ ಕುಲ ಜಗಳದಲ್ಲಿರಲಿಲ್ಲ, ಅದರಿಂದ ಯಾರಿಗೂ ಭಯವೂ ಇರಲಿಲ್ಲ. ದೊಡ್ಡ ಕುಲದವರು ಕರೆದರೆ ಇನ್ನೊಂದು ದೊಡ್ಡ ಕುಲ ಬರುವುದಿಲ್ಲ, ಅಲ್ವಾ? ಚಿಕ್ಕವರು ಕರೆದರೆ ಹೋಗುವುದರಲ್ಲಿ ಯಾರ ಮಾನವೂ ಹೋಗದು. ಆ ಹಿರಿಯರು ಎಲ್ಲರನ್ನೂ ಸೇರಿಸಿದರು. 1993ರಲ್ಲಿ ಎಲ್ಲ ಕುಲಗಳ ಹಿರಿಯರು ಅಲ್ ಫತಾ ಘೋಷಣೆ ಎಂಬ ಒಪ್ಪಂದಕ್ಕೆ ಬಂದರು. ಕಳವಾದರೆ, ಕೊಲೆಯಾದರೆ ಯಾರು ಏನು ಮಾಡಬೇಕು ಅನ್ನುವ ನಿಯಮಗಳು ಅದರಲ್ಲಿದ್ದವು. ಯುವಕರು ತಮ್ಮದೇ ಗುಂಪು ಕಟ್ಟಿದರು. ಬಂದೂಕು ಬಿಟ್ಟ ಹುಡುಗರಿಗೆ ಬದುಕು ಬೇಕಲ್ಲ, ಅದಕ್ಕೆ ವ್ಯಾಪಾರಿಗಳ ಹತ್ತಿರ ಹಣ ಕೇಳಲಾಯಿತು. ಧರ್ಮಗುರುಗಳು ಬಂದರು. ಪಾರ್ಲಿಮೆಂಟ್ ಸದಸ್ಯರನ್ನೂ ಹೋಗಿ ಕಂಡರು.

ಇಷ್ಟಾದ ಮೇಲೆ ಸರ್ಕಾರ ಯಾಕೆ ಬೇಕು ಅಂತ ಕೇಳಬಹುದು. ಜನರೇ ಬಗೆಹರಿಸಿಕೊಂಡರಲ್ಲ?

ಬೇಕು. ಒಂದು ಒಂಟೆಯ ಹಿಂಡು ಕಳುವಾಯಿತು ಅಂತಿಟ್ಟುಕೊಳ್ಳಿ. ನೂರು ಕಿಲೋಮೀಟರ್ ದೂರದ ಬಯಲಲ್ಲಿ. ಅಲ್ಲಿಗೆ ಹಿರಿಯರು ಅದೇ ದಿನ ಹೋಗಬೇಕು, ಇಲ್ಲದಿದ್ದರೆ ಮಾರನೇ ದಿನ ಸೇಡಿಗೆ ಜನ ಹೊರಡುತ್ತಾರೆ. ಹೋಗಲು ಗಾಡಿ ಬೇಕು. ದಾರಿಯಲ್ಲಿ ರಕ್ಷಣೆ ಬೇಕು. ಹಿರಿಯರು ಮಾತಾಡುತ್ತಿರುವಾಗ ಇನ್ನೊಂದು ಕಡೆಯಿಂದ ಪೊಲೀಸರು ನುಗ್ಗಿ ಸಿಕ್ಕವರನ್ನೆಲ್ಲ ಹಿಡಿದರೆ ಮಾತು ಅಲ್ಲಿಗೇ ಮುರಿಯುತ್ತದೆ. ಹಳೆಯ ಪದ್ಧತಿ ಅದೇ ಆಗಿತ್ತು, ಒಬ್ಬ ತಪ್ಪು ಮಾಡಿದರೆ ಇಡೀ ಕುಲದ ದನ ಜಪ್ತಿ. ಆ ಪದ್ಧತಿ ಬದಲಾಗದೆ ಊರಿನವರ ಒಪ್ಪಂದ ಹೆಚ್ಚು ದಿನ ಬಾಳುತ್ತಿರಲಿಲ್ಲ. ನೀತಿ ಅನ್ನುವುದು ರಾಜಧಾನಿಯ ಕಾಗದದಲ್ಲಿ ಮಾತ್ರ ಇರುವುದಿಲ್ಲ. ಪೊಲೀಸ್ ಜೀಪು ಮೊದಲು ಯಾವ ಕಡೆ ತಿರುಗುತ್ತದೆ ಅನ್ನುವುದೂ ನೀತಿಯೇ.

ಹಾಗಾಗಿ ಅವರು ಜಿಲ್ಲಾ ಕಮಿಷನರ್ ಹತ್ತಿರ ಹೋದರು. ನಮ್ಮ ಡಿ.ಸಿ.ಯಂತೆಯೇ ಅದೂ ಬ್ರಿಟಿಷರು ಬಿಟ್ಟುಹೋದ ಕುರ್ಚಿ. ಜಿಲ್ಲೆಯಲ್ಲಿ ಅವರ ಮಾತೇ ಸರ್ಕಾರದ ಮಾತು. ಹೆಂಗಸರು ತಮ್ಮ ಸಭೆಗಳಿಗೆ ಅಧಿಕಾರಿಗಳನ್ನು ಕರೆದರು. ಪೊಲೀಸರಿಗೆ ಗೊತ್ತಿಲ್ಲದ ಸುದ್ದಿ ಇವರಿಗೆ ಗೊತ್ತಿರುತ್ತಿತ್ತು. ಯಾವ ಬಾವಿಯ ಹತ್ತಿರ ಗುಸುಗುಸು ನಡೆದಿದೆ, ಯಾರು ಮದ್ದುಗುಂಡು ಕೊಳ್ಳುತ್ತಿದ್ದಾರೆ, ಯಾವ ಹಿಂಡು ಯಾರ ಹುಲ್ಲುಗಾವಲಿಗೆ ಬಂದಿದೆ. ಇದು ಅಧಿಕಾರಿಗೆ ಬಹಳ ಬೆಲೆಬಾಳುವ ಮಾಹಿತಿ. ತನ್ನ ಜಿಲ್ಲೆಯಲ್ಲಿ ಹೆಣ ಬೀಳುವುದು ಯಾವ ಅಧಿಕಾರಿಗೂ ಬೇಡ. ಊರಿನ ಗುಂಪು ಸರ್ಕಾರದ ಬಾಗಿಲು ತಟ್ಟುವಾಗ ಕೈಯಲ್ಲಿ ಏನಿರಬೇಕು ಅಂದರೆ ಇದೇ. ಎದುರಿನ ಕುರ್ಚಿಯಲ್ಲಿ ಕೂತವರಿಗೆ ಬೇಕಾದ ಒಂದು ವಸ್ತು, ಅದು ಬೇರೆಲ್ಲೂ ಸಿಗದಂಥದ್ದು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಒಳ್ಳೆಯ ಅಧಿಕಾರಿ ಸಿಕ್ಕರೆ ಕೆಲಸ ಆಗುತ್ತದೆ. ಆದರೆ ಒಳ್ಳೆಯ ಅಧಿಕಾರಿಗೆ ವರ್ಗಾವಣೆ ಆಗುತ್ತದೆ! ಹೊಸಬರು ಬಂದಾಗ ಮತ್ತೆ ಮೊದಲಿನಿಂದ ಪರಿಚಯ, ಮತ್ತೆ ಮೊದಲಿನಿಂದ ನಂಬಿಕೆ. ಇದು ನಮಗೆ ಬಿಡಿಸಿ ಹೇಳಬೇಕಾದ ವಿಷಯವೇ ಅಲ್ಲ.

ನಮ್ಮಲ್ಲೇ ಇದರ ಒಂದು ಉದಾಹರಣೆ ಇದೆ. ಮುಂಬೈ ಪಕ್ಕದ ಭಿವಂಡಿಯಲ್ಲಿ 1984ರಲ್ಲಿ ದೊಡ್ಡ ಕೋಮುಗಲಭೆ ಆಗಿತ್ತು. 1988ರಲ್ಲಿ ಅಲ್ಲಿಗೆ ಡಿಸಿಪಿ ಆಗಿ ಬಂದ ಸುರೇಶ್ ಖೋಪಡೆ ಎರಡೂ ಧರ್ಮದವರನ್ನು ಸೇರಿಸಿ ಸುಮಾರು 70 ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. 1992–93ರಲ್ಲಿ ಮುಂಬೈ ಹೊತ್ತಿ ಉರಿದಾಗ ಭಿವಂಡಿ ತಣ್ಣಗಿತ್ತು. ತುಂಬಾ ದೊಡ್ಡ ಸಾಧನೆ. ಆದರೆ ಅದು ಮೇಲಿಂದ ಕೆಳಗೆ ಬಂದದ್ದು. ಒಬ್ಬ ಅಧಿಕಾರಿಯ ಮನಸ್ಸಿನಿಂದ ಹುಟ್ಟಿದ್ದನ್ನು ಮುಂದಿನ ಅಧಿಕಾರಿಯೂ ಅಷ್ಟೇ ಮನಸ್ಸಿಟ್ಟು ನಡೆಸಬೇಕು ಅಂತೇನಿಲ್ಲ.

ವಾಜಿರ್‌ನವರು ಇದಕ್ಕೊಂದು ದಾರಿ ಕಂಡುಕೊಂಡರು. ಕೀನ್ಯಾದ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಅಭಿವೃದ್ಧಿ ಸಮಿತಿ ಇತ್ತು. ಶಾಲೆ, ರಸ್ತೆ, ನೀರು ಎಲ್ಲದರ ಸರ್ಕಾರಿ ಸಮಿತಿ. ಅದಕ್ಕೆ ಜಿಲ್ಲಾ ಕಮಿಷನರೇ ಅಧ್ಯಕ್ಷರು. 1995ರಲ್ಲಿ ಹೆಂಗಸರು, ಹಿರಿಯರು, ಯುವಕರ ಗುಂಪುಗಳೆಲ್ಲ ಒಂದಾಗಿ ವಾಜಿರ್ ಶಾಂತಿ ಮತ್ತು ಅಭಿವೃದ್ಧಿ ಸಮಿತಿ ಆಯಿತು. ಆ ಸಮಿತಿ ಜಿಲ್ಲಾ ಅಭಿವೃದ್ಧಿ ಸಮಿತಿಯ ಉಪಸಮಿತಿಯಾಗಿ ಒಳಗೆ ಸೇರಿತು. ಕೇಳಲು ಒಣ ಸಂಗತಿ. ಆದರೆ ಇದರ ಅರ್ಥ ನೋಡಿ. ಇನ್ನು ಮುಂದೆ ಆ ಕುರ್ಚಿಗೆ ಯಾರೇ ಬರಲಿ, ಶಾಂತಿ ಸಮಿತಿಯ ಕೆಲಸ ಅವರ ಕೆಲಸದ ಪಟ್ಟಿಯಲ್ಲೇ ಇರುತ್ತದೆ. ಸಭೆ ಕರೆಯಬೇಕು, ನಡಾವಳಿ ಬರೆಯಬೇಕು. ಕಳೆದ ಸಭೆಯಲ್ಲಿ ಏನು ಒಪ್ಪಿದ್ದಿರಿ ಅಂತ ಹೆಂಗಸರು ಕಡತ ತೋರಿಸಿ ಕೇಳಬಹುದು. ಶಾಂತಿ ಅನ್ನುವುದು ಪೊಲೀಸ್ ಇಲಾಖೆಯ ಸಾಲಿನಿಂದ ಅಭಿವೃದ್ಧಿಯ ಸಾಲಿಗೆ ಬಂತು, ರಸ್ತೆ ಮತ್ತು ನೀರಿನ ಪಕ್ಕಕ್ಕೆ.

ಸಮಿತಿಗೆ ಒಂದು ಕ್ಷಿಪ್ರ ತಂಡ ಇತ್ತು. ಹಿರಿಯರು, ಧರ್ಮಗುರುಗಳು, ಹೆಂಗಸರು, ಜೊತೆಗೆ ಭದ್ರತಾ ಅಧಿಕಾರಿಗಳು. ಎಲ್ಲೇ ಗದ್ದಲ ಅಂತ ಸುದ್ದಿ ಬಂದರೂ ಎಲ್ಲರೂ ಒಟ್ಟಿಗೆ ಹೋಗುತ್ತಿದ್ದರು. ಸಮವಸ್ತ್ರದವನು ಹಿರಿಯರ ಜೊತೆ ಬಂದು ಇಳಿದಾಗ ಜನ ಓಡಿಹೋಗಲಿಲ್ಲ. ವರ್ಷಕ್ಕೊಮ್ಮೆ ಶಾಂತಿ ಹಬ್ಬ ಮಾಡಿ, ತನ್ನ ಊರಲ್ಲಿ ಶಾಂತಿ ಚೆನ್ನಾಗಿ ಕಾಪಾಡಿದ ಚೀಫ್‌ಗೆ ಬಹುಮಾನ ಕೊಡುತ್ತಿದ್ದರು. ಚೀಫ್ ಅಂದರೆ ಸರ್ಕಾರ ನೇಮಿಸುವ ಊರ ಮಟ್ಟದ ಅಧಿಕಾರಿ. ಅಧಿಕಾರಿಗೆ ಮೇಲಿನವರಿಂದ ಮೆಚ್ಚುಗೆ ಸಿಗುವುದು ವಾಡಿಕೆ. ಇಲ್ಲಿ ಊರಿನವರ ಎದುರಿಗೆ, ಊರಿನವರಿಂದಲೇ ಸಿಗುತ್ತಿತ್ತು. ನನಗೆ ಈ ಇಡೀ ಕತೆಯಲ್ಲಿ ತುಂಬಾ ಇಷ್ಟವಾದ ಸಂಗತಿ ಇದು.

ಬೀದಿಗಿಳಿಯುವುದರಿಂದ ಪ್ರಯೋಜನವಿಲ್ಲ ಅಂತ ನಾನು ಹೇಳುತ್ತಿಲ್ಲ. 2003ರಲ್ಲಿ ಲೈಬೀರಿಯಾದ ಹೆಂಗಸರು ತಮ್ಮ ದೇಶದ ಅಂತರ್ಯುದ್ಧ ನಿಲ್ಲಲಿ ಅಂತ ಬಿಳಿ ಬಟ್ಟೆ ತೊಟ್ಟು, ಕ್ರೈಸ್ತರು ಮುಸ್ಲಿಮರು ಒಟ್ಟಾಗಿ, ರಾಜಧಾನಿಯ ಮೀನು ಮಾರುಕಟ್ಟೆ ಬಳಿಯ ಬಯಲಲ್ಲಿ ಬಿಸಿಲು ಮಳೆ ಅನ್ನದೆ ಕೂತರು. ಘಾನಾದಲ್ಲಿ ನಡೆಯುತ್ತಿದ್ದ ಶಾಂತಿ ಮಾತುಕತೆ ಎಳೆದಾಡಿದಾಗ ಸಭಾಂಗಣದ ಬಾಗಿಲಿಗೇ ಅಡ್ಡ ಕೂತು ಯಾರನ್ನೂ ಹೊರಗೆ ಬಿಡಲಿಲ್ಲ. ಆ ವರ್ಷದ ಆಗಸ್ಟ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಮುಂದಾಳು ಲೇಮಾ ಬೋವಿ ಅವರಿಗೆ 2011ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೆಯಾಗಿ ಬಂತು. ಸಹಿ ಹಾಕಿಸಲು ಹಾಗೆ ಕೂರಬೇಕಾಗುತ್ತದೆ. ಆದರೆ ಸಹಿಯಾದ ಮೇಲೆ ಪ್ರತಿ ತಿಂಗಳು, ಪ್ರತಿ ಊರಲ್ಲಿ ಅದನ್ನು ನಡೆಸುವ ಕೆಲಸ ಬೇರೆ. ವಾಜಿರ್ ನಮಗೆ ಕಲಿಸುವುದು ಆ ಎರಡನೆಯ ಕೆಲಸವನ್ನು.

ಅಕ್ಕಪಕ್ಕದ ಜಿಲ್ಲೆಗಳು ನೋಡಿ ಕಲಿತವು. 1998ರಲ್ಲಿ ವಾಜಿರ್ ಗಡಿಭಾಗದ ಬಗಾಲ್ಲಾದಲ್ಲಿ ಬೊರಾನಾ ಎಂಬ ಇನ್ನೊಂದು ಜನಾಂಗದ ದಾಳಿಕೋರರು ನೂರಕ್ಕೂ ಹೆಚ್ಚು ದೆಗೋದಿಯಾಗಳನ್ನು ಕೊಂದಾಗ, ಒಂದು ಜಿಲ್ಲೆಯ ಸಮಿತಿಯಿಂದ ಸಾಲದು ಅನ್ನುವುದು ಸ್ಪಷ್ಟವಾಯಿತು. ಹುಲ್ಲು ಹುಡುಕಿ ಹೋಗುವ ದನಕ್ಕೆ ಜಿಲ್ಲೆಯ ಗೆರೆ ಗೊತ್ತಿಲ್ಲ. 2001ರಲ್ಲಿ ಹಲವು ಜಿಲ್ಲೆಗಳ ಹಿರಿಯರು, ಅಧಿಕಾರಿಗಳು ಸೇರಿ ಮೊಡೊಗಾಶೆ ಎಂಬ ಊರಲ್ಲಿ ಒಂದು ಒಪ್ಪಂದ ಮಾಡಿಕೊಂಡರು. ಇನ್ನೊಬ್ಬರ ಹುಲ್ಲುಗಾವಲಿಗೆ ಹೋಗುವಾಗ ಮೊದಲು ಕೇಳಬೇಕು, ಬಂದೂಕು ಹಿಡಿದು ಹೋಗಬಾರದು, ಕದ್ದದ್ದನ್ನು ವಾಪಸ್ ಕೊಡಬೇಕು. ಅದೇ ವರ್ಷ ನೈರೋಬಿಯಲ್ಲಿ, ಅಧ್ಯಕ್ಷರ ಕಚೇರಿಯಡಿಯಲ್ಲಿ, ಶಾಂತಿ ಕೆಲಸಕ್ಕೆಂದೇ ಒಂದು ರಾಷ್ಟ್ರೀಯ ಸಮಿತಿ ಆಯಿತು. ಸರ್ಕಾರಿ ಅಧಿಕಾರಿಗಳೂ ಹೊರಗಿನ ಸಂಘಗಳೂ ಒಂದೇ ಮೇಜಿಗೆ ಕೂತರು.

ಇಲ್ಲಿ ಒಂದು ಕಹಿ ಸಂಗತಿಯನ್ನು ಮುಚ್ಚಿಡಬಾರದು. ಮೊಡೊಗಾಶೆ ಒಪ್ಪಂದದಲ್ಲಿ ಕೊಲೆಗೆ ದಂಡ ಬರೆದಿದ್ದರು. ಗಂಡಸನ್ನು ಕೊಂದರೆ 100 ಒಂಟೆ ಅಥವಾ ದನ. ಹೆಂಗಸನ್ನು ಕೊಂದರೆ 50. ಹೆಂಗಸರು ಶುರು ಮಾಡಿದ ಕೆಲಸದ ಫಲದಲ್ಲಿ ಹೆಂಗಸಿನ ಜೀವಕ್ಕೆ ಅರ್ಧ ಬೆಲೆ! ಹಳೆಯ ಪದ್ಧತಿಯ ಬಲ ತಂದುಕೊಂಡಾಗ ಅದರ ಅನ್ಯಾಯವೂ ಜೊತೆಗೇ ಬಂತು. ಇನ್ನೊಂದು ತೊಡಕು ಕಾನೂನಿನದು. ದೇಶದ ಕಾನೂನಿನಲ್ಲಿ ಕೊಲೆ ಅಪರಾಧ, ಅದಕ್ಕೆ ಕೋರ್ಟು ಇದೆ. ಒಂಟೆ ಕೊಟ್ಟು ಮುಗಿಸುವುದನ್ನು ಅಧಿಕಾರಿ ಹೇಗೆ ಒಪ್ಪಬಹುದು? ಒಪ್ಪದಿದ್ದರೆ ಮತ್ತೆ ಸೇಡಿನ ಕೊಲೆ. ಈ ಎಳೆದಾಟಕ್ಕೆ 2010ರ ಹೊಸ ಸಂವಿಧಾನ ಅರ್ಧ ಉತ್ತರ ಕೊಟ್ಟಿತು. ಅದರ 159ನೇ ವಿಧಿ ಸಾಂಪ್ರದಾಯಿಕ ರಾಜಿ ಪದ್ಧತಿಗಳನ್ನು ಪ್ರೋತ್ಸಾಹಿಸಬೇಕು ಅನ್ನುತ್ತದೆ. ಆದರೆ ಅವು ಮೂಲಭೂತ ಹಕ್ಕುಗಳಿಗೆ ವಿರುದ್ಧ ಇರಬಾರದು ಅಂತ ಅಲ್ಲೇ ಗೆರೆ ಎಳೆಯುತ್ತದೆ.

2007ರ ಡಿಸೆಂಬರ್ ಚುನಾವಣೆಯ ಮೇಲೆ ಕೀನ್ಯಾ ಹೊತ್ತಿಕೊಂಡಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು, ಲಕ್ಷಗಟ್ಟಲೆ ಜನ ಮನೆ ಬಿಟ್ಟರು. ವಾಜಿರ್‌ನ ದೇಕಾ ಆಗ ನೈರೋಬಿಯಲ್ಲಿ ನಿವೃತ್ತ ರಾಯಭಾರಿ ಬೆಥುವೆಲ್ ಕಿಪ್ಲಗಾಟ್, ನಿವೃತ್ತ ಸೇನಾಧಿಕಾರಿಗಳಾದ ಲಜಾರಸ್ ಸುಂಬೆಯ್ವೊ, ಡೇನಿಯಲ್ ಒಪಾಂಡೆ ಮುಂತಾದವರ ಜೊತೆ ಸೇರಿ ಶಾಂತಿಗಾಗಿ ನಾಗರಿಕರ ಒಂದು ವೇದಿಕೆ ಕಟ್ಟಿದರು. ಒಂದು ಹೋಟೆಲಿನಲ್ಲಿ ಪ್ರತಿ ಬೆಳಗ್ಗೆ ಬಾಗಿಲು ತೆರೆದಿಟ್ಟು, ಯಾರು ಬೇಕಾದರೂ ಬಂದು ಸುದ್ದಿ, ಸಲಹೆ ಹೇಳಬಹುದು ಅಂದರು. ವಿಶ್ವಸಂಸ್ಥೆಯ ಮಾಜಿ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಮಧ್ಯಸ್ಥಿಕೆಯಲ್ಲಿ 2008ರ ಫೆಬ್ರವರಿ 28ರಂದು ದೊಡ್ಡ ನಾಯಕರ ನಡುವೆ ಒಪ್ಪಂದವಾಯಿತು. ಅದಾದ ಮೇಲೆ, ಬಡ ಗಡಿಜಿಲ್ಲೆಯಲ್ಲಿ ಹುಟ್ಟಿದ ಶಾಂತಿ ಸಮಿತಿಯ ಮಾದರಿಯನ್ನು ದೇಶದ ಎಲ್ಲ ಜಿಲ್ಲೆಗಳಿಗೂ ತರುವುದೆಂದು ತೀರ್ಮಾನವಾಯಿತು. 2010ರಲ್ಲಿ ಸಂವಿಧಾನದ ಜನಮತಗಣನೆ ಹೊತ್ತಿಗೆ ಯಾರು ಬೇಕಾದರೂ 108ಕ್ಕೆ ಉಚಿತ ಎಸ್‌ಎಂಎಸ್ ಕಳಿಸಿ ಗಲಭೆಯ ಸುಳಿವು ಕೊಡುವ ವ್ಯವಸ್ಥೆ ಇತ್ತು. ಸುದ್ದಿ ಸಮೀಪದ ಶಾಂತಿ ಸಮಿತಿಗೆ, ಪೊಲೀಸರಿಗೆ ಹೋಗುತ್ತಿತ್ತು. ಆ ಮತದಾನ ಶಾಂತವಾಗಿ ಮುಗಿಯಿತು. ದೇಕಾ 2011ರ ಜುಲೈನಲ್ಲಿ ಕಾರು ಅಪಘಾತದ ಗಾಯಗಳಿಂದ ತೀರಿಕೊಂಡರು. ಶಾಂತಿಯ ರಾಷ್ಟ್ರೀಯ ನೀತಿ ಸರ್ಕಾರದ ಅಧಿಕೃತ ದಸ್ತಾವೇಜಾಗಿ ಬಂದದ್ದು 2014ರಲ್ಲಿ.

ಎಲ್ಲ ಜಿಲ್ಲೆಗೂ ಹರಡಿದಾಗ ಎಲ್ಲ ಕಡೆ ಅದು ಬೇರು ಬಿಡಲಿಲ್ಲ. ವಾಜಿರ್‌ನಲ್ಲಿ ಜನ ಮೊದಲು, ಸರ್ಕಾರಿ ಮುದ್ರೆ ಆಮೇಲೆ. ಬೇರೆ ಕಡೆ ಸುತ್ತೋಲೆ ಮೊದಲು ಬಂತು. ಸಭೆಗೆ ಭತ್ಯೆ ಎಷ್ಟು ಅನ್ನುವ ಪ್ರಶ್ನೆ ಎದ್ದಿತು. ರಾಜಕಾರಣಿಗಳು ತಮ್ಮ ಕಡೆಯವರನ್ನು ಸೇರಿಸಿದರು. ವಾಜಿರ್ ಕೂಡ ಇದಕ್ಕೆ ಹೊರತಾಗಲಿಲ್ಲ. 2013ರಲ್ಲಿ ಕೌಂಟಿ ಸರ್ಕಾರಗಳು, ಅಂದರೆ ಜಿಲ್ಲಾ ಮಟ್ಟದ ಚುನಾಯಿತ ಸರ್ಕಾರಗಳು ಬಂದು, ಗವರ್ನರ್ ಹುದ್ದೆಯ ಜೊತೆ ದೊಡ್ಡ ಬಜೆಟ್ಟೂ ಬಂತು. ಕುಲದ ಲೆಕ್ಕಾಚಾರ ಮತ್ತೆ ಚುರುಕಾಯಿತು. 2014ರಲ್ಲಿ ವಾಜಿರ್–ಮಂಡೇರಾ ಗಡಿಯಲ್ಲಿ ಗಾರೆ ಮತ್ತು ದೆಗೋದಿಯಾ ಕುಲಗಳ ನಡುವೆ ಕಾದಾಟವಾಗಿ ಎಷ್ಟೋ ಜನ ಸತ್ತರು. ರಾಷ್ಟ್ರೀಯ ನೀತಿ ಕಾಗದದಲ್ಲಿ ಬಂದದ್ದೂ ಅದೇ ವರ್ಷ.

ಇದನ್ನೆಲ್ಲ ಓದುವಾಗ ನಮ್ಮೂರ ಶಾಂತಿ ಸಭೆ ನೆನಪಿಗೆ ಬರದೇ ಇರದು. ಗಣೇಶ ಹಬ್ಬ, ಈದ್ ಮಿಲಾದ್ ಹತ್ತಿರ ಬಂದಾಗ ಠಾಣೆಯಲ್ಲಿ ಕರೆಯುತ್ತಾರಲ್ಲ, ಅದೇ. ಎರಡೂ ಕಡೆಯ ಮುಖಂಡರು, ಮಧ್ಯದಲ್ಲಿ ಇನ್ಸ್‌ಪೆಕ್ಟರು, ಟೀ ಬಿಸ್ಕತ್ತು. ಮೆರವಣಿಗೆ ಯಾವ ರಸ್ತೆಯಲ್ಲಿ, ಡಿಜೆ ಎಷ್ಟು ಗಂಟೆಗೆ ನಿಲ್ಲಬೇಕು ಅಂತ ಹೇಳಿ ಕಳಿಸುತ್ತಾರೆ. ಹೆಂಗಸರು ಕಾಣುವುದು ಅಪರೂಪ. ಹಬ್ಬ ಮುಗಿದರೆ ಸಮಿತಿಯೂ ಮುಗಿಯಿತು, ಮುಂದಿನ ವರ್ಷದ ತನಕ.

ವಾಜಿರ್‌ನ ಕಣ್ಣಿನಿಂದ ನೋಡಿದರೆ ಆ ಕೋಣೆಯಲ್ಲಿ ಆಗಲೇ ಬಹಳಷ್ಟು ಇದೆ. ಅಧಿಕಾರಿ ಇದ್ದಾರೆ, ಎರಡೂ ಕಡೆಯವರು ಇದ್ದಾರೆ, ಎಲ್ಲರ ಫೋನ್ ನಂಬರೂ ಒಂದು ಹಾಳೆಯಲ್ಲಿದೆ. ಮುಂದಿನ ಸಲ ನಿಮ್ಮನ್ನೋ ನಿಮ್ಮ ಪರಿಚಯದವರನ್ನೋ ಕರೆದರೆ, ಇವತ್ತಿನ ನಡಾವಳಿ ಯಾವ ಪುಸ್ತಕದಲ್ಲಿ ಬರೆಯುತ್ತೀರಿ, ಅದರ ಒಂದು ಪ್ರತಿ ನಮಗೂ ಸಿಗುತ್ತದಾ ಅಂತ ಕೇಳಿ ನೋಡಿ. ಹಬ್ಬವಿಲ್ಲದ ತಿಂಗಳಲ್ಲೂ ಒಂದು ಸಭೆ ಇಡಬಹುದಾ ಅಂತ ಕೇಳಿ. ಹೋಗುವಾಗ ಸಂತೆಯಲ್ಲಿ ತರಕಾರಿ ಮಾರುವ ಇಬ್ಬರು ಹೆಂಗಸರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಎರಡೂ ಕೇರಿಯಿಂದ ಒಬ್ಬೊಬ್ಬರನ್ನು.